ಮಣ್ಣಿಗಾಗಿ ಸೇರುವ ಸಭೆಗಳು

ಮುಂಗಾರಿನ ಮೊದಲ ಜೋರು ಮಳೆ ಬಿದ್ದ ಮರುದಿನ ಬೆಳಿಗ್ಗೆ ಹಳ್ಳಿಯ ದಾರಿಯಲ್ಲಿ ನಡೆದವರಿಗೆಲ್ಲ ಒಂದು ದೃಶ್ಯ ಪರಿಚಿತ. ರಸ್ತೆ ಪಕ್ಕದ ಚರಂಡಿಯಲ್ಲಿ, ಹಳ್ಳದಲ್ಲಿ, ಕೆರೆಗೆ ಹೋಗುವ ಕಾಲುವೆಯಲ್ಲಿ ನೀರು ಕೆಂಪಗೆ ಹರಿಯುತ್ತಿರುತ್ತದೆ. ಎರೆಭೂಮಿಯ ಸೀಮೆಯಾದರೆ ಕಪ್ಪಗೆ. 'ಹೊಸ ನೀರು ಬಂತು' ಎಂದು ಜನ ಹಿಗ್ಗುತ್ತಾರೆ. ಹಿಗ್ಗಬೇಕಾದದ್ದೇ. ಆದರೆ ಆ ನೀರಿಗೆ ಬಣ್ಣ ಕೊಟ್ಟದ್ದು ಯಾರದೋ ಹೊಲದ ಮೇಲ್ಮಣ್ಣು. ಗೊಬ್ಬರ ಹಾಕಿ, ಉತ್ತು ಹದ ಮಾಡಿದ ಮಣ್ಣು. ಒಮ್ಮೆ ಹಳ್ಳಕ್ಕೆ ಇಳಿದರೆ ಅದು ಹಿಂದಿರುಗಿ ಬರುವುದಿಲ್ಲ.

ಈ ಮಣ್ಣನ್ನು ಹೊಲದಲ್ಲೇ ನಿಲ್ಲಿಸುವುದು ಹೇಗೆ ಎಂದು ಚರ್ಚಿಸಲು ಜಗತ್ತಿನಲ್ಲಿ ಪ್ರತಿವರ್ಷ ಲೆಕ್ಕವಿಲ್ಲದಷ್ಟು ಸಭೆಗಳು ನಡೆಯುತ್ತವೆ. ವಿಚಾರ ಸಂಕಿರಣ, ಕಾರ್ಯಾಗಾರ, ಸಮ್ಮೇಳನ ಎಂದು ಅವಕ್ಕೆ ಹಲವು ಹೆಸರು. ಪತ್ರಿಕಾ ವರದಿಗಾರರಿಗೆ ಇವುಗಳ ಸ್ವರೂಪ ಬಾಯಿಪಾಠ. ದೀಪ ಬೆಳಗುವುದು ಅಥವಾ ಕುಂಡದಲ್ಲಿನ ಗಿಡಕ್ಕೆ ನೀರೆರೆಯುವುದು, ಸ್ವಾಗತ, ಪ್ರಾಸ್ತಾವಿಕ ನುಡಿ, ಸ್ಮರಣ ಸಂಚಿಕೆಯ ಬಿಡುಗಡೆ, ಊಟ, ಊಟದ ನಂತರ ತಾಂತ್ರಿಕ ಗೋಷ್ಠಿ. ನಾನು ವರದಿ ಮಾಡಲು ಹೋಗಿದ್ದ ಅಂಥ ಒಂದು ಕಾರ್ಯಾಗಾರದ ಕಾರ್ಯಕ್ರಮ ಪಟ್ಟಿಯ ಕೊನೆಯಲ್ಲಿ 'ರೈತರ ಅನುಭವ - 10 ನಿಮಿಷ' ಎಂದಿತ್ತು. ಬೆಳಗಿನ ಭಾಷಣಗಳು ಉದ್ದವಾದದ್ದರಿಂದ ಆ ಹತ್ತು ನಿಮಿಷ ಐದಕ್ಕೆ ಇಳಿಯಿತು. ಎದ್ದು ನಿಂತ ರೈತರೊಬ್ಬರು ಅನುಭವ ಹೇಳಲಿಲ್ಲ, ಪ್ರಶ್ನೆ ಕೇಳಿದರು. ತಮ್ಮ ಎರೆಹೊಲದಲ್ಲಿ ಹಾಕಿದ ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಒಡ್ಡು ಒಡೆದರೆ ಕೆಳಗಿನ ಹೊಲದವರ ಜೊತೆ ಜಗಳ. ಇದಕ್ಕೇನು ಮಾಡಬೇಕು ಎಂಬುದು ಅವರ ಪ್ರಶ್ನೆ. ಉತ್ತರ ಬರುವ ಮೊದಲೇ ವಂದನಾರ್ಪಣೆ ಶುರುವಾಯಿತು. ಮರುದಿನದ ನನ್ನ ವರದಿಯಲ್ಲೂ ಉದ್ಘಾಟಕರ ಮಾತು ಬಂತು, ಆ ಪ್ರಶ್ನೆ ಬರಲಿಲ್ಲ.

ಹಾಗಾದರೆ ಈ ಸಭೆಗಳಿಂದ ಪ್ರಯೋಜನವೇನು? 'ಮಾತು ಮನೆ ಕೆಡಿಸಿತು, ತೂತು ಒಲೆ ಕೆಡಿಸಿತು' ಎಂದು ತಳ್ಳಿಹಾಕುವುದು ಸುಲಭ. ಆದರೆ ಮಣ್ಣು ಸಂರಕ್ಷಣೆಯ ಚರಿತ್ರೆಯನ್ನು ತಿರುವಿದರೆ ಬೇರೆಯದೇ ಚಿತ್ರ ಕಾಣುತ್ತದೆ. ಕೆಲವು ಸಭೆಗಳು ನಿಜಕ್ಕೂ ಹೊಲದ ಗತಿಯನ್ನು ಬದಲಿಸಿವೆ. ಕೆಲವು ತಪ್ಪನ್ನೂ ಮಾಡಿವೆ.

ಸಭೆಗೆ ಬಂದ ಧೂಳು

ಹಿಂದಿನ ಕಾಲದಲ್ಲಿ ಈ ವಿದ್ಯೆಗೆ ಸಭೆ ಬೇಕಿರಲಿಲ್ಲ ಎಂದಲ್ಲ. ನಮ್ಮ ಶಾಸನಗಳಲ್ಲಿ ಬರುವ 'ಬಿತ್ತುವಟ್ಟ' ಎಂಬ ಮಾತು ಕೆರೆಯ ಪಾಲನೆಗೆಂದು ಬಿಟ್ಟ ದತ್ತಿಯನ್ನು ಸೂಚಿಸುತ್ತದೆ. ಊರು ಕೂಡಿ ಒಪ್ಪದೆ ಇಂಥ ವ್ಯವಸ್ಥೆ ನಡೆಯುವುದು ಕಷ್ಟ. ವಿಜಯನಗರ ಕಾಲದ, 1369ರ ಪೋರುಮಾಮಿಳ್ಳ ಶಾಸನವಂತೂ ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ, ಕೆರೆಗೆ ಬರಬಾರದ ಆರು ದೋಷಗಳನ್ನೂ ಪಟ್ಟಿ ಮಾಡುತ್ತದೆ. ಇಂದಿನ ಆಂಧ್ರದ ಕಡಪ ಸೀಮೆಯಲ್ಲಿರುವ ಈ ಕಲ್ಲನ್ನು ಆ ಕಾಲದ ತಾಂತ್ರಿಕ ಪ್ರಬಂಧ ಎಂದರೂ ಸಲ್ಲುತ್ತದೆ.

ಆದರೆ ಮಣ್ಣಿನ ಸವಕಳಿಯನ್ನೇ ವೃತ್ತಿಯ ವಿಷಯವಾಗಿ ಮಾಡಿಕೊಂಡ ತಜ್ಞರ ಗುಂಪು ಹುಟ್ಟಿದ್ದು ಇಪ್ಪತ್ತನೆಯ ಶತಮಾನದಲ್ಲಿ, ಅಮೆರಿಕದಲ್ಲಿ. ಅದರ ಹಿಂದೆ ಇದ್ದ ಹೆಸರು ಹ್ಯೂ ಹ್ಯಾಮಂಡ್ ಬೆನೆಟ್. 1881ರಲ್ಲಿ ಹುಟ್ಟಿದ ಈತ ಮಣ್ಣು ಸಮೀಕ್ಷೆಯ ಸರ್ಕಾರಿ ನೌಕರ. 1905ರಲ್ಲಿ ವರ್ಜೀನಿಯಾ ರಾಜ್ಯದಲ್ಲಿ ಸಮೀಕ್ಷೆ ಮಾಡುವಾಗ ಒಂದು ಸಂಗತಿ ಅವರ ಕಣ್ಣಿಗೆ ಬಿತ್ತು. ಪಕ್ಕಪಕ್ಕದ ಎರಡು ಜಮೀನು, ಒಂದು ಕಾಡು, ಇನ್ನೊಂದು ಸಾಗುವಳಿ. ಕಾಡಿನ ಮಣ್ಣು ಮೆತ್ತಗೆ, ತೇವವಾಗಿ ಇತ್ತು. ಹೊಲದ್ದು ಗಟ್ಟಿ, ಬರಡು. ಕೊರಕಲು ಬಿದ್ದಿರಲಿಲ್ಲ. ಮಳೆ ಹಾಳೆ ಹಾಳೆಯಾಗಿ, ಯಾರಿಗೂ ಕಾಣದಂತೆ ಮೇಲ್ಮಣ್ಣನ್ನು ಎತ್ತಿಕೊಂಡು ಹೋಗಿತ್ತು. 1928ರಲ್ಲಿ ಮಣ್ಣಿನ ಸವಕಳಿ ರಾಷ್ಟ್ರೀಯ ವಿಪತ್ತು ಎಂದು ಅವರು ಪುಸ್ತಿಕೆ ಬರೆದರು.

1930ರ ದಶಕದಲ್ಲಿ ಅಮೆರಿಕದ ಒಳನಾಡಿನ ಬಯಲುಗಳಲ್ಲಿ ಬರ ಬಿತ್ತು. ಉತ್ತು ಬಿಟ್ಟ ಹೊಲಗಳ ಮಣ್ಣು ಗಾಳಿಗೆ ಎದ್ದಿತು. 1935ರ ವಸಂತದಲ್ಲಿ ಬೆನೆಟ್ ಸೆನೆಟ್ ಸಮಿತಿಯ ಮುಂದೆ ಸಾಕ್ಷ್ಯ ನುಡಿಯುತ್ತಿದ್ದರು. ಪಶ್ಚಿಮದಿಂದ ಒಂದು ಧೂಳಿನ ಮೋಡ ರಾಜಧಾನಿಯತ್ತ ಬರುತ್ತಿದೆ ಎಂಬ ಸುದ್ದಿ ಅವರಿಗಿತ್ತಂತೆ. ಮಾತನ್ನು ಬೇಕೆಂದೇ ಎಳೆಯುತ್ತ ಹೋದರು. ಕೊನೆಗೆ ಕಿಟಕಿಯಾಚೆ ಆಕಾಶ ಕಂದಿತು. ನಾನು ಹೇಳುತ್ತಿದ್ದುದು ಇದನ್ನೇ ಎಂದು ಸದಸ್ಯರಿಗೆ ತೋರಿಸಿದರಂತೆ. ಜೀವನಚರಿತ್ರೆ ಬರೆದವರು ಕಥೆಗೆ ಸ್ವಲ್ಪ ಬಣ್ಣ ಹಚ್ಚಿರಬಹುದು. ಆದರೆ ಮಣ್ಣು ಸಂರಕ್ಷಣಾ ಕಾಯ್ದೆಗೆ ಸಹಿ ಬಿದ್ದದ್ದು ಅದೇ ವರ್ಷದ ಏಪ್ರಿಲ್ 27ರಂದು ಎಂಬುದು ದಾಖಲೆಯ ಮಾತು. ಕಾಣದ ನಷ್ಟವನ್ನು ಕಾಣುವಂತೆ ಮಾಡುವುದು ಸಭೆಯ ಮೊದಲ ಕೆಲಸ.

ಲೆಕ್ಕ ಹುಟ್ಟಿದ ಬಗೆ

ಎರಡನೆಯ ಕೆಲಸ ಅಳೆಯುವುದು. ಮಣ್ಣು ಹೋಗುತ್ತಿದೆ ಎಂದರೆ ಸಾಲದು, ಎಷ್ಟು ಎಂಬುದು ಬೇಕು. ಇಳಿಜಾರಿನಲ್ಲಿ ಸಣ್ಣ ತಾಕುಗಳನ್ನು ಮಾಡಿ, ಕೆಳಗೆ ತೊಟ್ಟಿ ಇಟ್ಟು, ಪ್ರತಿ ಮಳೆಗೂ ಕೊಚ್ಚಿ ಬಂದ ಮಣ್ಣನ್ನು ಒಣಗಿಸಿ ತೂಗುವುದು ವಿಧಾನ. ಆದರೆ ಒಂದೊಂದು ಕೇಂದ್ರದ ತಾಕು ಒಂದೊಂದು ಅಳತೆ, ಒಬ್ಬೊಬ್ಬ ವಿಜ್ಞಾನಿಯದು ಒಂದೊಂದು ಸೂತ್ರ. ಒಬ್ಬರ ಲೆಕ್ಕ ಇನ್ನೊಬ್ಬರ ಊರಿಗೆ ಹೊಂದುತ್ತಿರಲಿಲ್ಲ.

1946ರಲ್ಲಿ ಓಹಾಯೊ ರಾಜ್ಯದಲ್ಲಿ ತಜ್ಞರ ಸಮಿತಿಯೊಂದು ಸೇರಿ, ಮುಸುಕಿನ ಜೋಳದ ಸೀಮೆಗೆ ಮಾತ್ರ ಸೀಮಿತವಾಗಿದ್ದ ಸೂತ್ರಕ್ಕೆ ಮಳೆಯ ಅಂಶವನ್ನೂ ಸೇರಿಸಿತು. ಹತ್ತು ವರ್ಷದ ನಂತರ, 1956ರ ಫೆಬ್ರುವರಿ ಮತ್ತು ಜುಲೈ ತಿಂಗಳುಗಳಲ್ಲಿ, ಪರ್ಡ್ಯೂ ವಿಶ್ವವಿದ್ಯಾಲಯದಲ್ಲಿ ಎರಡು ಸಭೆಗಳು ನಡೆದವು. ಸಂಶೋಧಕರ ಜೊತೆಗೆ ಆ ಲೆಕ್ಕವನ್ನು ಹೊಲದಲ್ಲಿ ಬಳಸುವವರನ್ನೂ ಅಲ್ಲಿಗೆ ಕರೆದಿದ್ದರು. ಬೇರೆ ಬೇರೆ ಸೂತ್ರಗಳ ನಡುವಿನ ಭಿನ್ನತೆಯನ್ನು ಬಗೆಹರಿಸುವುದೇ ಸಭೆಯ ಕೆಲಸ. ಅದರ ಬೆನ್ನಿಗೆ, ವಿಷ್‌ಮೈಯರ್ ಮತ್ತು ಸ್ಮಿತ್ ಎಂಬ ವಿಜ್ಞಾನಿಗಳ ಕೈಯಲ್ಲಿ ರೂಪುಗೊಂಡದ್ದು ಇಂದು ಕೃಷಿ ಕಾಲೇಜುಗಳಲ್ಲಿ ಪಾಠವಾಗಿರುವ 'ಸಾರ್ವತ್ರಿಕ ಮಣ್ಣು ನಷ್ಟ ಸಮೀಕರಣ'. ಮಳೆಯ ಬಿರುಸು, ಮಣ್ಣಿನ ಗುಣ, ಇಳಿಜಾರಿನ ಉದ್ದ, ಅದರ ಕಡಿದು, ಬೆಳೆಯ ಹೊದಿಕೆ, ಸಂರಕ್ಷಣೆಯ ಕ್ರಮ - ಈ ಆರನ್ನು ಗುಣಿಸಿದರೆ ಎಕರೆಗೆ ವರ್ಷಕ್ಕೆ ಎಷ್ಟು ಮಣ್ಣು ಹೋದೀತು ಎಂಬ ಅಂದಾಜು ಸಿಗುತ್ತದೆ.

ಈ ಆರರಲ್ಲಿ ಮಳೆ ನಮ್ಮ ಕೈಯಲ್ಲಿಲ್ಲ. ಮಣ್ಣಿನ ಗುಣ ಬದಲಾಗುವುದು ನಿಧಾನ. ಆದರೆ ಇಳಿಜಾರಿನ ಉದ್ದವನ್ನು ಬದುವಿನಿಂದ ತುಂಡರಿಸಬಹುದು. ಬೆಳೆಯ ಹೊದಿಕೆಯನ್ನು ಹೆಚ್ಚಿಸಬಹುದು. ಇಳಿಜಾರಿಗೆ ಅಡ್ಡಲಾಗಿ ಉಳಬಹುದು. 'ಓಡುವ ನೀರನ್ನು ನಡೆಸಿ, ನಡೆಯುವ ನೀರನ್ನು ನಿಲ್ಲಿಸಿ, ನಿಂತ ನೀರನ್ನು ಇಂಗಿಸಿ' ಎಂದು ನಮ್ಮ ಜಲಾನಯನ ಕಾರ್ಯಕರ್ತರು ಹಳ್ಳಿ ಹಳ್ಳಿಯಲ್ಲಿ ಹೇಳುವ ಮಾತಿನಲ್ಲಿ ಈ ಸಮೀಕರಣದ ಸಾರವೇ ಇದೆ.

ಇನ್ನೊಂದು ಪ್ರಶ್ನೆ ಉಳಿದಿತ್ತು. ಎಷ್ಟು ಮಣ್ಣು ಹೋದರೆ ಸಹಿಸಬಹುದು? 1959ರಿಂದ 1962ರ ನಡುವೆ ಅಮೆರಿಕದಲ್ಲಿ ಆರು ಪ್ರಾದೇಶಿಕ ಕಾರ್ಯಾಗಾರಗಳು ನಡೆದು, ಮಣ್ಣಿನ ಆಳ ಮತ್ತು ಗುಣಕ್ಕೆ ತಕ್ಕಂತೆ ವರ್ಷಕ್ಕೆ ಎಕರೆಗೆ 2ರಿಂದ 5 ಟನ್ ಎಂದು ಮಿತಿ ಹಾಕಿದವು. ಹೆಕ್ಟೇರಿಗೆ ಹೇಳುವುದಾದರೆ ಸುಮಾರು 4.5ರಿಂದ 11.2 ಟನ್. ಗಮನಿಸಬೇಕಾದ ಮಾತೆಂದರೆ, ಇದು ತಕ್ಕಡಿಯಿಂದ ನೇರವಾಗಿ ಬಂದ ಸಂಖ್ಯೆಯಲ್ಲ; ತಿಳಿದವರು ಕೂತು ಒಪ್ಪಿಕೊಂಡ ಸಂಖ್ಯೆ. ಆದರೂ ಅದು ಸಮುದ್ರ ದಾಟಿ ನಮ್ಮ ಪಠ್ಯಪುಸ್ತಕಗಳನ್ನೂ ಸೇರಿತು.

ನಮ್ಮ ಲೆಕ್ಕ ಎಷ್ಟು? ಧ್ರುವ ನಾರಾಯಣ ಮತ್ತು ರಾಮ್ ಬಾಬು ಎಂಬ ವಿಜ್ಞಾನಿಗಳು 1983ರಲ್ಲಿ ಪ್ರಕಟಿಸಿದ ಅಂದಾಜಿನ ಪ್ರಕಾರ ಭಾರತದಲ್ಲಿ ವರ್ಷಕ್ಕೆ 533.4 ಕೋಟಿ ಟನ್ ಮಣ್ಣು ಕದಲುತ್ತದೆ. ಹೆಕ್ಟೇರಿಗೆ ಸರಾಸರಿ 16.4 ಟನ್. ಅದರಲ್ಲಿ ಶೇ 29ರಷ್ಟು ಸಮುದ್ರ ಸೇರುತ್ತದೆ, ಶೇ 10ರಷ್ಟು ಜಲಾಶಯಗಳಲ್ಲಿ ಹೂಳಾಗುತ್ತದೆ, ಉಳಿದದ್ದು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗುತ್ತದೆ. 16.4 ಟನ್ ಎಂದರೆ ಹೆಕ್ಟೇರಿನ ಮೇಲೆ ಹರಡಿದಾಗ ಒಂದೂಕಾಲು ಮಿಲಿಮೀಟರ್ ದಪ್ಪ. ಒಂದು ರೂಪಾಯಿ ನಾಣ್ಯಕ್ಕಿಂತ ತೆಳ್ಳಗೆ. ಅದಕ್ಕೇ ಯಾರಿಗೂ ಕಾಣುವುದಿಲ್ಲ. ಆದರೆ ಇಪ್ಪತ್ತು ವರ್ಷಕ್ಕೆ ಅದೇ ಒಂದು ಅಂಗುಲ, ಒಂದು ಅಂಗುಲ ಮಣ್ಣು ಹುಟ್ಟಲು ನೂರಾರು ವರ್ಷ.

ಹಾಗೆ ಹೋದ ಮಣ್ಣು ಎಲ್ಲಿ ನಿಲ್ಲುತ್ತದೆ ಎಂದು ನೋಡಲು ಹೊಸಪೇಟೆಗೆ ಹೋದರೆ ಸಾಕು. ತುಂಗಭದ್ರಾ ಜಲಾಶಯ ಕಟ್ಟಿದಾಗ ಅದರ ಸಾಮರ್ಥ್ಯ ಸುಮಾರು 133 ಟಿಎಂಸಿ ಅಡಿ. 2016ರ ಸಮೀಕ್ಷೆಯಲ್ಲಿ ಉಳಿದದ್ದು 105.79. ಕಾಲುವೆಯ ಕೊನೆಯ ರೈತ ನೀರಿಗಾಗಿ ಕಾಯುವ ಕಥೆಯ ಒಂದು ತುದಿ, ಮೇಲಿನ ಸೀಮೆಯ ಯಾವುದೋ ಬದುವಿಲ್ಲದ ಹೊಲದಲ್ಲಿದೆ.

ಎರೆಭೂಮಿ ಕಲಿಸಿದ ಪಾಠ

ಸಭೆಗಳು ಒಪ್ಪಿದ್ದೆಲ್ಲವನ್ನೂ ಮಣ್ಣು ಒಪ್ಪುವುದಿಲ್ಲ. ಇದಕ್ಕೆ ಉದಾಹರಣೆ ಉತ್ತರ ಕರ್ನಾಟಕದಲ್ಲೇ ಸಿಗುತ್ತದೆ.

ಬಿಜಾಪುರ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ. ಬರದ ಸೀಮೆಯಲ್ಲಿ ಮಣ್ಣು, ತೇವ ಎರಡನ್ನೂ ಉಳಿಸಲು ಸಮಪಾತಳಿ ಒಡ್ಡುಗಳನ್ನು ಹಾಕುವ ಕೆಲಸಕ್ಕೆ 1942ರ ಭೂ ಸುಧಾರಣಾ ಯೋಜನೆಗಳ ಕಾಯ್ದೆ ಬಲ ಕೊಟ್ಟಿತು. ಸಮ ಎತ್ತರದ ಗೆರೆ ಹಿಡಿದು ಅಡ್ಡಲಾಗಿ ಮಣ್ಣಿನ ಏರಿ ಹಾಕಿದರೆ ನೀರು ನಿಂತು ಇಂಗುತ್ತದೆ ಎಂಬುದು ತರ್ಕ. ಕೆಂಪು ಮಣ್ಣಿನಲ್ಲಿ ಇದು ಸರಿ. ಆದರೆ ಆಳವಾದ ಎರೆಮಣ್ಣಿನ ಸ್ವಭಾವವೇ ಬೇರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ, ನೆನೆದರೆ ಉಬ್ಬಿ ನೀರನ್ನು ಒಳಗೆ ಬಿಡುವುದಿಲ್ಲ. ಒಡ್ಡಿನ ಹಿಂದೆ ನೀರು ನಿಂತು ಬೆಳೆ ಕೊಳೆಯುತ್ತದೆ. ಒಡ್ಡಿನ ಬಿರುಕಿಗೆ ನೀರು ನುಗ್ಗಿ ಅದೇ ಒಡೆಯುತ್ತದೆ. ಒಡೆದ ಒಡ್ಡಿನಿಂದ ನುಗ್ಗುವ ನೀರು, ಒಡ್ಡೇ ಇಲ್ಲದ ಹೊಲದ ನೀರಿಗಿಂತ ಹೆಚ್ಚು ಮಣ್ಣನ್ನು ಕೊರೆಯುತ್ತದೆ.

1954ರಲ್ಲಿ ಬಳ್ಳಾರಿಯಲ್ಲಿ ಆರಂಭವಾದ ಮಣ್ಣು ಸಂರಕ್ಷಣಾ ಸಂಶೋಧನಾ ಕೇಂದ್ರಕ್ಕೆ ಈ ಕಪ್ಪು ಮಣ್ಣೇ ಅಧ್ಯಯನದ ವಿಷಯ. ಅಲ್ಲಿನ ಅನುಭವದಿಂದ ಹೊರಬಂದ ಸಲಹೆ, ಆಳವಾದ ಎರೆಯಲ್ಲಿ ನೀರನ್ನು ಪೂರಾ ತಡೆಯಬೇಡಿ, ಅಲ್ಪ ಇಳಿಜಾರು ಕೊಟ್ಟ ಒಡ್ಡು ಹಾಕಿ, ಹೆಚ್ಚಾದ ನೀರು ಹುಲ್ಲು ಬೆಳೆದ ಕಾಲುವೆಯಲ್ಲಿ ಮೆಲ್ಲಗೆ ಹೊರಹೋಗಲಿ ಎಂಬುದು. ಕಾರ್ಯಾಗಾರದ ಕೊನೆಯಲ್ಲಿ ಆ ರೈತರು ಕೇಳಿದ ಪ್ರಶ್ನೆಗೆ ಉತ್ತರ ಹೀಗೆ ಬಹಳ ಹಿಂದೆಯೇ ಸಿಕ್ಕಿತ್ತು. ಸಿಕ್ಕ ಉತ್ತರ ಪ್ರಶ್ನೆ ಕೇಳಿದವರ ಹೊಲದವರೆಗೆ ನಡೆದು ಹೋಗಿರಲಿಲ್ಲ, ಅಷ್ಟೆ.

ಸಭೆ ಹಳ್ಳಿಗೆ ಹೋದಾಗ

ಉತ್ತರ ನಡೆದು ಹೋಗಬೇಕಾದರೆ ಸಭೆಯೇ ಜಾಗ ಬದಲಿಸಬೇಕಾಗುತ್ತದೆ. 1970ರ ದಶಕದಲ್ಲಿ ಹರಿಯಾಣದ ಶಿವಾಲಿಕ್ ಬೆಟ್ಟಗಳ ತಪ್ಪಲಿನ ಸುಖೋಮಾಜ್ರಿಯಲ್ಲಿ ನಡೆದದ್ದು ಅದೇ. 1958ರಲ್ಲಿ ನಿರ್ಮಾಣವಾದ ಚಂಡೀಗಡದ ಸುಖ್ನಾ ಸರೋವರ ಕೆಲವೇ ವರ್ಷಗಳಲ್ಲಿ ಹೂಳಿನಿಂದ ತುಂಬತೊಡಗಿತು. ಮಣ್ಣು ಸಂರಕ್ಷಣಾ ವಿಜ್ಞಾನಿ ಪಿ.ಆರ್. ಮಿಶ್ರಾ ಹೂಳಿನ ಜಾಡು ಹಿಡಿದು ಮೇಲೆ ನಡೆದರು. ಜಾಡು ಮುಟ್ಟಿದ್ದು ಸುಖೋಮಾಜ್ರಿ ಸುತ್ತಲಿನ ಬೋಳು ಗುಡ್ಡಗಳನ್ನು.

ಮೇಯಿಸಬೇಡಿ, ಮರ ಕಡಿಯಬೇಡಿ ಎಂದು ಹೇಳಿದರೆ ಬಡ ದನಗಾಹಿಗಳು ಕೇಳುವರೆ? ನಗರದವರ ಸರೋವರ ತುಂಬಿದರೆ ಅವರಿಗೇನು? 1976ರಲ್ಲಿ ಅಲ್ಲಿ ಸಣ್ಣ ಮಣ್ಣಿನ ಅಣೆಕಟ್ಟು ಕಟ್ಟಲಾಯಿತು. ಅದರ ನೀರು ಹೊಲಕ್ಕೆ ಬಂದಾಗ ಹಳ್ಳಿಯವರಿಗೆ ಗುಡ್ಡದಿಂದ ಇಳಿಯುವ ಮಣ್ಣು ತಮ್ಮ ಕಟ್ಟೆಗೇ ಶತ್ರು ಎಂದು ಅರ್ಥವಾಯಿತು. ಆದರೆ ನೀರು ಹೊಲವಿದ್ದವರಿಗೆ ಮಾತ್ರವೇ? ಹೊಲವಿಲ್ಲದವನು ದನವನ್ನು ಗುಡ್ಡಕ್ಕೆ ಏಕೆ ಬಿಡಬಾರದು? ಊರವರು, ವಿಜ್ಞಾನಿಗಳು ಕೂಡಿ ಮಾತಾಡಿ ಕಂಡುಕೊಂಡ ದಾರಿ ಸರಳ: ಜಮೀನು ಇರಲಿ ಬಿಡಲಿ, ಪ್ರತಿ ಮನೆಗೂ ನೀರಿನಲ್ಲಿ ಸಮಪಾಲು. ಬೇಡದವರು ತಮ್ಮ ಪಾಲನ್ನು ಬೇರೆಯವರಿಗೆ ಕೊಡಬಹುದು. ಅಲ್ಲಿಂದ ಮುಂದೆ ಗುಡ್ಡಕ್ಕೆ ಮುಳ್ಳುತಂತಿ ಬೇಕಾಗಲಿಲ್ಲ, ಊರೇ ಬೇಲಿಯಾಯಿತು. ಮುಂದೆ ದೇಶದ ಜಲಾನಯನ ಯೋಜನೆಗಳಲ್ಲಿ ಬಳಕೆದಾರರ ಸಂಘಕ್ಕೆ ಸ್ಥಾನ ಸಿಗುವುದರ ಹಿಂದೆ ಇಂಥ ಹಳ್ಳಿಗಳ ಪಾಠವಿದೆ. 2001ರಲ್ಲಿ ಕರ್ನಾಟಕದ ಐದು ಜಿಲ್ಲೆಗಳಲ್ಲಿ ಆರಂಭವಾದ ಸುಜಲ ಯೋಜನೆ ಕೂಡ ಹಳ್ಳಿಯ ಸಂಘಗಳನ್ನೇ ಆಧಾರವಾಗಿ ಇಟ್ಟುಕೊಂಡಿತ್ತು.

ಗುಂಡ್ಲುಪೇಟೆಯಿಂದ ಚಿಯಾಂಗ್ ರಾಯ್‌ಗೆ

ಇನ್ನೊಂದು ಪಯಣ ಇದಕ್ಕೆ ವಿರುದ್ಧ ದಿಕ್ಕಿನದು. ಅಲ್ಲಿ ಹೊಲವೇ ಸಭೆಗೆ ಹೋಯಿತು. ಲಾವಂಚ ನಮಗೆ ಗೊತ್ತು. ಬೇಸಿಗೆಯಲ್ಲಿ ಅದರ ಬೇರನ್ನು ಕುಡಿಯುವ ನೀರಿಗೆ ಹಾಕುತ್ತೇವೆ, ತಟ್ಟಿ ಮಾಡಿ ಕಿಟಕಿಗೆ ಕಟ್ಟುತ್ತೇವೆ, ಬೀಸಣಿಗೆ ಹೆಣೆಯುತ್ತೇವೆ. ಇಂದಿನ ಚಾಮರಾಜನಗರ ಜಿಲ್ಲೆಯ ಗುಂಡ್ಲುಪೇಟೆ ಸುತ್ತಲಿನ ರೈತರು ತಲೆಮಾರುಗಳಿಂದ ಅದನ್ನು ಬೇರೆ ಕೆಲಸಕ್ಕೆ ಹಚ್ಚಿದ್ದರು. ಹೊಲದ ಎಲ್ಲೆಯ ಉದ್ದಕ್ಕೂ ಒತ್ತಾಗಿ ನೆಟ್ಟು ಜೀವಂತ ಬದು ಮಾಡಿಕೊಂಡಿದ್ದರು.

1980ರ ದಶಕದಲ್ಲಿ ವಿಶ್ವಬ್ಯಾಂಕಿನ ಕೃಷಿ ತಜ್ಞರಾಗಿ ಭಾರತದಲ್ಲಿದ್ದ ರಿಚರ್ಡ್ ಗ್ರಿಮ್‌ಷಾ ಮತ್ತು ಜಾನ್ ಗ್ರೀನ್‌ಫೀಲ್ಡ್ ಈ ಹುಲ್ಲನ್ನು ಮಣ್ಣು ಸಂರಕ್ಷಣೆಗೆ ಪ್ರಚಾರ ಮಾಡತೊಡಗಿದರು. ಗ್ರೀನ್‌ಫೀಲ್ಡ್ 1950ರ ದಶಕದಲ್ಲೇ ಫಿಜಿಯ ಕಬ್ಬಿನ ಗದ್ದೆಗಳಲ್ಲಿ ಇದನ್ನು ಬಳಸಿ ನೋಡಿದ್ದವರು. ಗುಂಡ್ಲುಪೇಟೆಯ ಹಳೆಯ ಬದುಗಳು ಅವರಿಗೆ ಸಿದ್ಧ ಸಾಕ್ಷ್ಯವಾದವು. ತಾವು ಹೇಳುತ್ತಿರುವುದು ಪ್ರಯೋಗಶಾಲೆಯ ಕಲ್ಪನೆಯಲ್ಲ, ರೈತರು ಮಾಡಿ ತೋರಿಸಿದ್ದು ಎನ್ನಲು ಸಾಧ್ಯವಾಯಿತು. 1993ರಲ್ಲಿ ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿ ಲಾವಂಚದ ಬಗ್ಗೆ ಪ್ರಕಟಿಸಿದ ಗ್ರಂಥದಲ್ಲಿ ಮೈಸೂರು ಬಳಿಯ ಈ ಊರಿನ ಹೆಸರಿದೆ.

ಕೆಲಸ ಮಾಡುವ ಬಗೆ ಸುಲಭವಾಗಿ ಅರ್ಥವಾಗುವಂಥದ್ದು. ಒತ್ತಾಗಿ ನೆಟ್ಟ ಲಾವಂಚದ ಗಟ್ಟಿ ಕಡ್ಡಿಗಳು ನೀರನ್ನು ತಡೆಯುವುದಿಲ್ಲ, ಸೋಸುತ್ತವೆ. ವೇಗ ಕಳೆದುಕೊಂಡ ನೀರು ಮಣ್ಣನ್ನು ಅಲ್ಲೇ ಇಳಿಸಿ ಮುಂದೆ ಹೋಗುತ್ತದೆ. ವರ್ಷದಿಂದ ವರ್ಷಕ್ಕೆ ಬದುವಿನ ಹಿಂದೆ ಮಣ್ಣು ಏರಿ ತಾನಾಗಿ ಮೆಟ್ಟಿಲು ರೂಪುಗೊಳ್ಳುತ್ತದೆ. ಬೇರು ಪಕ್ಕಕ್ಕೆ ಹರಡದೆ ಮೂರು ನಾಲ್ಕು ಮೀಟರ್ ಆಳಕ್ಕೆ ಇಳಿಯುವುದರಿಂದ ಬೆಳೆಯೊಂದಿಗೆ ಹೆಚ್ಚು ಪೈಪೋಟಿಯಿಲ್ಲ. ದಕ್ಷಿಣ ಭಾರತದ ತಳಿ ಬೀಜದಿಂದ ಹಬ್ಬುವುದಿಲ್ಲವಾದ್ದರಿಂದ ಕಳೆಯಾಗುವ ಭಯವೂ ಇಲ್ಲ. ಸುಗಂಧಕ್ಕೆಂದು ಬೇರು ಅಗೆದರೆ ಮಾತ್ರ ಮಣ್ಣು ಸಡಿಲವಾಗಿ ಉದ್ದೇಶವೇ ಕೆಡುತ್ತದೆ. ಒಂದೇ ಬದು ಎರಡು ಕೆಲಸಕ್ಕೆ ಬಾರದು.

ಥಾಯ್ಲೆಂಡಿನಲ್ಲಿ ದೊರೆ ಭೂಮಿಬೋಲ್ 1990ರ ದಶಕದ ಆರಂಭದಲ್ಲಿ ಇದಕ್ಕೆ ಬೆಂಬಲ ಕೊಟ್ಟರು. ಲಾವಂಚದ ಮೊದಲ ಅಂತರರಾಷ್ಟ್ರೀಯ ಸಮ್ಮೇಳನ 1996ರ ಫೆಬ್ರುವರಿಯಲ್ಲಿ ಅಲ್ಲಿನ ಚಿಯಾಂಗ್ ರಾಯ್ ನಗರದಲ್ಲಿ ನಡೆಯಿತು. ಮುಂದೆ ಚೀನಾ, ವೆನೆಜುವೆಲಾಗಳಿಗೆ ಹೋದ ಸಮ್ಮೇಳನ ಭಾರತಕ್ಕೆ ಬಂದದ್ದು 2011ರಲ್ಲಿ, ಲಖನೌಗೆ. 2023ರಲ್ಲಿ ಏಳನೆಯದು ಚಿಯಾಂಗ್ ಮಾಯ್‌ನಲ್ಲಿ ನಡೆಯಿತು. 1990ರ ದಶಕದ ಕೊನೆಯಲ್ಲಿ ನಡೆದ ಡಿಎನ್‌ಎ ಪರೀಕ್ಷೆಗಳು, ದಕ್ಷಿಣ ಏಷ್ಯಾದ ಹೊರಗೆ ಮಣ್ಣು ರಕ್ಷಣೆಗೆ ನೆಟ್ಟ ಲಾವಂಚದ ಬಹುಪಾಲು ಒಂದೇ ತಳಿಯ ಸಂತಾನ ಎಂದು ತೋರಿಸಿದವು. ಅಂದರೆ ಒಂದು ರೋಗ ಬಂದರೆ ಎಲ್ಲಕ್ಕೂ ಅಪಾಯ. ಇಂಥ ಎಚ್ಚರಿಕೆ ಒಂದೊಂದು ಹೊಲವನ್ನು ನೋಡುವುದರಿಂದ ಸಿಗುವುದಿಲ್ಲ; ಹಲವು ದೇಶದವರು ತಮ್ಮ ತಮ್ಮ ಬುಡವನ್ನು ತಂದು ಹೋಲಿಸಬೇಕು.

ಡಿಸೆಂಬರ್ 5ರಂದು ಆಚರಿಸುವ ವಿಶ್ವ ಮಣ್ಣು ದಿನ ಕೂಡ ಸಭೆಯ ಕೂಸೇ. ಅದು ಭೂಮಿಬೋಲ್ ಅವರ ಹುಟ್ಟಿದ ದಿನ. 2002ರಲ್ಲಿ ಮಣ್ಣು ವಿಜ್ಞಾನಿಗಳ ಅಂತರರಾಷ್ಟ್ರೀಯ ಒಕ್ಕೂಟ ಸೂಚಿಸಿತು, 2014ರಿಂದ ವಿಶ್ವಸಂಸ್ಥೆಯ ದಿನಾಚರಣೆಯಾಯಿತು.

ಹತ್ತು ನಿಮಿಷದ ಬೆಲೆ

ಈ ಕಥೆಗಳನ್ನು ಒಟ್ಟಿಗಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ಫಲ ಕೊಟ್ಟ ಸಭೆಗಳಲ್ಲಿ ಮಣ್ಣಿನೊಂದಿಗೆ ದಿನವೂ ವ್ಯವಹರಿಸುವವರಿಗೆ ಜಾಗವಿತ್ತು. ಪರ್ಡ್ಯೂಗೆ ಲೆಕ್ಕ ಬಳಸುವವರನ್ನು ಕರೆದಿದ್ದರು. ಸುಖೋಮಾಜ್ರಿಯಲ್ಲಿ ಹೊಲವಿಲ್ಲದವನಿಗೂ ಪಾಲಿತ್ತು. ಗುಂಡ್ಲುಪೇಟೆಯ ರೈತ ಸಭೆಗೆ ಹೋಗದಿದ್ದರೂ ಅವನ ಬದು ಹೋಗಿತ್ತು. ಸೋತ ಒಡ್ಡುಗಳ ಹಿಂದೆ ಇದ್ದದ್ದು ಅಜ್ಞಾನವಲ್ಲ, ಒಂದು ಮಣ್ಣಿಗೆ ಸರಿಯಾದದ್ದು ಎಲ್ಲಕ್ಕೂ ಸರಿ ಎಂಬ ನಂಬಿಕೆ.

ಹೀಗಿರುವಾಗ 'ರೈತರ ಅನುಭವ'ವನ್ನು ಪಟ್ಟಿಯ ಕೊನೆಗೆ, ವಂದನಾರ್ಪಣೆಯ ಮುಂಚಿನ ಹತ್ತು ನಿಮಿಷಕ್ಕೆ ಇಡುವುದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಆ ಹತ್ತು ನಿಮಿಷದಲ್ಲಿ ಬರಬಹುದಾದ ಪ್ರಶ್ನೆಯೇ ಸಭೆಯ ಉಳಿದ ಹೊತ್ತಿಗೆ ಅರ್ಥ ಕೊಡುವಂಥದ್ದು. ಅದನ್ನು ಬರೆದುಕೊಳ್ಳದ ವರದಿಗಾರರ ಪಾಲೂ ಇದರಲ್ಲಿದೆ ಎಂದು ಒಪ್ಪಿಕೊಳ್ಳಬೇಕು. ಮುಂದಿನ ಬಾರಿ ಅಂಥ ಸಭೆಗೆ ಹೋದಾಗ ನಾನು ಊಟದ ನಂತರವೂ ಕೂರುತ್ತೇನೆ. ಅಷ್ಟರಲ್ಲಿ ಇನ್ನೊಂದು ಮುಂಗಾರು ಬಂದಿರುತ್ತದೆ, ಹಳ್ಳದ ನೀರು ಕೆಂಪಗೆ ಹರಿಯುತ್ತಿರುತ್ತದೆ.